ಮೌನೇಶ ಬೇಡವೆಂದ ಟೀಚರಮ್ಮ

ನಾರಾಯಣಪುರದ ಮೌನೇಶನಿಗೆ ಮೂವತ್ತೆರಡು ತುಂಬುವುದರೊಳಗೆ ಹನ್ನೊಂದು ಮನೆಯ ಸುಸಲ ತಿಂದಾಗಿತ್ತು. ಕನ್ಯಾ ನೋಡಲು ಬಂದವರಿಗೆ ಮಂಡಕ್ಕಿ ಸುಸಲ, ಮಿರ್ಚಿ, ಚಹಾ ಕೊಡುವುದು ಆ ಕಡೆಯ ಹಳೆಯ ರೂಢಿ. ತಿಂದವರು ಊರು ಮುಟ್ಟುವ ಮೊದಲೇ ಫೋನು ಮಾಡಿ ‘ಹುಡುಗಿ ಒಲ್ಲೆ ಅಂತಾಳ್ರಿ’ ಎನ್ನುವುದು ಹೊಸ ರೂಢಿ. ಎರಡನ್ನೂ ಮೌನೇಶ ಹನ್ನೊಂದು ಸಲ ತಪ್ಪದೆ ಅನುಭವಿಸಿದ್ದ.

ಅವನಲ್ಲಿ ದೊಡ್ಡ ಕೊರತೆಯೇನೂ ಇರಲಿಲ್ಲ. ಕಾಲುವೆಯ ಗೇಟಿನ ಬಳಿ ನೀರಿನ ಮಟ್ಟ ನೋಡಿ ಬರೆದಿಡುವುದು, ಮೇಲಿನವರು ಹೇಳಿದಾಗ ಗೇಟು ಏರಿಸಿ ಇಳಿಸುವುದು ಅವನ ಕೆಲಸ. ಒಂಬತ್ತು ವರ್ಷದಿಂದ ಮಾಡುತ್ತಿದ್ದ, ಒಂಬತ್ತು ವರ್ಷದಿಂದಲೂ ಹೊರಗುತ್ತಿಗೆಯ ಮೇಲೆ. ಕನ್ಯೆಯ ಮನೆಯವರು ‘ಪರ್ಮನೆಂಟ್ ಏನ್ರಿ’ ಎಂದು ಕೇಳಿದಾಗ ಅವನ ಅಪ್ಪ ಬಾಲಪ್ಪ ‘ಆಗ್ತದ್ರಿ’ ಎನ್ನುತ್ತಿದ್ದ. ಆ ‘ಆಗ್ತದ’ಕ್ಕೂ ಒಂಬತ್ತು ವರ್ಷ ವಯಸ್ಸಾಗಿತ್ತು. ಹುಣಸಗಿಯ ಹುಡುಗಿ ಸರಕಾರಿ ನೌಕರನೇ ಬೇಕೆಂದಳು. ಕೆಂಭಾವಿಯ ಹುಡುಗಿ ಕುರಿ ಇರುವ ಮನೆಗೆ ಬರುವುದಿಲ್ಲ ಎಂದಳು; ಇವರ ಹಟ್ಟಿಯಲ್ಲಿ ನಲವತ್ತು ಕುರಿಗಳಿದ್ದವು. ಹನ್ನೊಂದನೆಯವಳು ಕಾರಣವನ್ನೇ ಹೇಳಲಿಲ್ಲ. ಮೌನೇಶನಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅದೇ. ಕಾರಣ ಹೇಳಿದ್ದರೆ ಅದನ್ನಾದರೂ ಬೈದುಕೊಂಡು ಇರಬಹುದಿತ್ತು.

ಆಮೇಲೆ ಸಗರದ ರಾಧಿಕಾಳ ಸುದ್ದಿ ಬಂತು. ಅವಳು ಬಿಎಸ್ಸಿ ಓದಿ ಕಡೇಚೂರಿನ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು, ಯಾದಗಿರಿಯಲ್ಲಿ ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದಳು. ಅಪ್ಪ ಇಲ್ಲ. ಸಗರದಲ್ಲಿ ತಾಯಿ ರೇಣಮ್ಮ, ಹೊಲ ಮತ್ತು ಕುರಿ ನೋಡಿಕೊಳ್ಳುವ ಅಣ್ಣ ದೇವು. ರಾಧಿಕಾಳ ಸಂಬಳ ಮೌನೇಶನದಕ್ಕಿಂತ ಜಾಸ್ತಿ. ಇದು ಎರಡೂ ಮನೆಯವರಿಗೆ ಗೊತ್ತಿತ್ತು, ಎರಡೂ ಮನೆಯವರು ಗೊತ್ತಿಲ್ಲದವರಂತೆ ಇದ್ದರು. ಹುಡುಗಿಯದು ಒಂದೇ ಷರತ್ತು: ಹಿರಿಯರು ಬಂದು ಸುಸಲ ತಿನ್ನುವ ಮೊದಲು ತಾನೊಬ್ಬಳೇ ಹುಡುಗನ ಜೊತೆ ಹೊರಗೆ ಕೂತು ಮಾತಾಡಬೇಕು. ಭಾನುವಾರ ಬೆಳಿಗ್ಗೆ, ಶಹಾಪುರ ಬಸ್ ಸ್ಟ್ಯಾಂಡಿನ ಎದುರಿನ ಜ್ಯೂಸ್ ಅಂಗಡಿಯಲ್ಲಿ.

ಹನ್ನೊಂದು ಸಲವೂ ಹಿರಿಯರ ನಡುವೆ ತಲೆ ತಗ್ಗಿಸಿ ಕೂತು ಬಂದಿದ್ದ ಮೌನೇಶನಿಗೆ ಹುಡುಗಿಯೊಂದಿಗೆ ಮಾತಾಡುವುದೆಂದರೆ ಬಾಯಿ ತೆರೆದು ಏನು ಮಾಡಬೇಕೆಂಬುದೇ ತಿಳಿಯಲಿಲ್ಲ. ಗೆಳೆಯ ಪರಶುರಾಮನ ಮೊಬೈಲ್ ರಿಪೇರಿ ಅಂಗಡಿಗೆ ಹೋದ. ಪರಶುರಾಮನಿಗೂ ಮದುವೆಯಾಗಿರಲಿಲ್ಲ. ಆದರೆ ಗಿರಾಕಿ ಇಲ್ಲದಾಗಲೆಲ್ಲ ಅವನು ಗಂಡು ಹೆಣ್ಣಿನ ಮನಸ್ಸಿನ ಬಗ್ಗೆ ವೀಡಿಯೊ ನೋಡುತ್ತಿದ್ದ, ಮತ್ತು ಅವನ ಅಂಗಡಿಗೆ ಗಿರಾಕಿ ಬರುವುದೇ ಅಪರೂಪ. ಹೀಗಾಗಿ ಆ ಶಾಸ್ತ್ರದಲ್ಲಿ ಅವನಷ್ಟು ಪರಿಶ್ರಮ ಪಟ್ಟವರು ಮೂರು ತಾಲೂಕಿನಲ್ಲಿ ಇರಲಿಲ್ಲ.

“ಗಂಡಸು ಮುಖ ನೋಡ್ತಾನ. ಹೆಂಗಸು ಮುಖ ನೋಡಂಗಿಲ್ಲ, ಕ್ಯೂ ನೋಡ್ತಾಳ,” ಎಂದ ಪರಶುರಾಮ. “ಖಾಲಿ ಇರೋ ಖಾನಾವಳಿಗೆ ನೀನರ ಊಟಕ್ಕ ಹೋಗ್ತಿ ಏನು? ಮಂದಿ ನಿಂತಲ್ಲೇ ಹೋಗ್ತಿ. ನಿನ್ನ ಮುಂದನೂ ಮಂದಿ ನಿಂತಾರ ಅಂತ ಆಕಿಗೆ ಕಾಣಬೇಕು.”

ಇನ್ನೊಂದು ಸೂತ್ರವನ್ನೂ ಅವನು ಹೇಳಿಕೊಟ್ಟ. ಬಿಲ್ಲನ್ನು ಗಂಡಸೇ ಕೊಡಬೇಕು. ಹುಡುಗಿ ತಾನಾಗಿ ಬಿಲ್ಲು ಕೊಟ್ಟಳೆಂದರೆ ನಿನ್ನ ಉಪಕಾರ ಬೇಡ, ಮನೆಗೆ ಹೋಗು ಎಂದೇ ಅರ್ಥ. ಮೌನೇಶ ಎರಡನ್ನೂ ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತ ಶಹಾಪುರಕ್ಕೆ ಹೋದ.

ರಾಧಿಕಾ ಹೇಳಿದ ವೇಳೆಗೆ ಸರಿಯಾಗಿ ಬಂದಳು. ಬೆಳಿಗ್ಗೆ ಏನೂ ತಿನ್ನದೆ ಯಾದಗಿರಿಯಿಂದ ಬಸ್ಸು ಹತ್ತಿದವಳು ಎರಡು ಗ್ಲಾಸು ದ್ರಾಕ್ಷಿ ಜ್ಯೂಸು ಕುಡಿದು, ಒಂದು ಪಫ್ಸು ತಿಂದು, ಇನ್ನೊಂದು ತರಿಸಿದಳು. ನಡುನಡುವೆ ಗೇಟಿನ ಕೆಲಸ ಹೇಗೆ, ರಾತ್ರಿ ಪಾಳಿ ಇರುತ್ತದೆಯೇ ಎಂದೆಲ್ಲ ಕೇಳಿದಳು. ಮೌನೇಶ ಹೂಂ, ಉಹೂಂ ಎಂದ. ಬಾಯಿಪಾಠದಲ್ಲಿ ಈ ಪ್ರಶ್ನೆಗಳಿರಲಿಲ್ಲ. ಕೈ ತೊಳೆಯುವ ನೆಪದಿಂದ ಎದ್ದು ಹೋಗಿ, ನಲ್ಲಿಯ ಮುಂದೆ ಒಮ್ಮೆ ಎಲ್ಲವನ್ನೂ ಒಪ್ಪಿಸಿಕೊಂಡು ಮರಳಿ ಬರುವಷ್ಟರಲ್ಲಿ ರಾಧಿಕಾ ಫೋನಿನಿಂದ ಬಿಲ್ಲು ಕೊಟ್ಟು ಕೂತಿದ್ದಳು.

ನೀವ್ಯಾಕೆ ಕೊಟ್ಟಿರಿ ಎಂದು ಕೇಳಿದ. ಇರಲಿ ಬಿಡ್ರಿ ಎಂದಳು. ಆ ‘ಇರಲಿ ಬಿಡ್ರಿ’ಯಲ್ಲಿ ಮೌನೇಶನಿಗೆ ಹನ್ನೆರಡನೆಯ ‘ಒಲ್ಲೆ’ ಸ್ಪಷ್ಟವಾಗಿ ಕೇಳಿಸಿತು. ಮುಳುಗುವವನಿಗೆ ಇನ್ನೇನು ಉಳಿದೀತು? ಮೊದಲನೆಯ ಸೂತ್ರವನ್ನು ತೆಗೆದ.

“ನನಗ ಭಾಳ ಕಡಿಂದ ಬರಾಕತ್ಯಾವ್ರಿ,” ಎಂದ.

“ಏನು ಬರಾಕತ್ಯಾವ್ರಿ?”

“ಕನ್ಯಾ.”

ರಾಧಿಕಾ ಗ್ಲಾಸು ಕೆಳಗಿಟ್ಟಳು. ಮೌನೇಶ ಬೀದಿಯ ಕಡೆ ನೋಡುತ್ತ ಮುಂದುವರಿಸಿದ. ಸುರಪುರದಲ್ಲಿ ಒಬ್ಬ ಟೀಚರು ಇದ್ದಾಳೆ, ಹೆಸರು ಭಾರತಿ. ಸರಕಾರಿ ಸಾಲೆ. ಅವಳ ಅಪ್ಪ ಮೂರು ಸಲ ಫೋನು ಮಾಡಿದ್ದಾರೆ. ತಾನೇ ಒಲ್ಲೆ ಎಂದಿದ್ದೇನೆ. ಹುಡುಗಿಯಲ್ಲಿ ಏನಾದರೂ ಐಬು ಇದೆಯೇ ಎಂದು ರಾಧಿಕಾ ಕೇಳಿದಳು. ಐಬೇನೂ ಇಲ್ಲ, ಬಂಗಾರದಂಥ ಹುಡುಗಿ ಎಂದ. ಮತ್ತೇಕೆ ಒಲ್ಲೆ ಅಂದಿರಿ ಎಂಬ ಪ್ರಶ್ನೆಗೆ ಪರಶುರಾಮನ ಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಯಾಕೋ ಮನಸ್ಸಾಗಲಿಲ್ಲ ಎಂದ. ರಾಧಿಕಾಳ ತುಟಿ ನಡುಗಿತು. ಅದು ಹೊಟ್ಟೆಕಿಚ್ಚು ಎಂದುಕೊಂಡು ಮೌನೇಶ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಗೆದ್ದವನಂತೆ ಊರಿಗೆ ಬಂದ.

ಸಂಜೆ ರೇಣಮ್ಮನ ಫೋನು ಬಂತು. ತಾಯಿ ಪಾರ್ವತೆಮ್ಮ ದೇವರಿಗೆ ಕೈ ಮುಗಿದು, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

“ತಮ್ಮಾ ಮೌನೇಶ, ಆ ಸುರಪುರದ ಟೀಚರ್ನ ಅಪ್ಪನ ನಂಬರ್ ಜರಾ ಕೊಡು. ನೀನಂತೂ ಒಲ್ಲೆ ಅಂದೀಯಂತ. ನಮ್ಮ ದೇವುಗ ಕೇಳ್ತೀನಿ, ಅವಗ ಮೂವತ್ನಾಕು ಆತು.”

ಅಪ್ಪ ಅಮ್ಮ ಇಬ್ಬರೂ ಮಗನ ಕಡೆ ತಿರುಗಿದರು. ಮೌನೇಶ, ನಂಬರಿದ್ದ ಫೋನು ಕಾಲುವೆಯಲ್ಲಿ ಬಿದ್ದು ಹೋಗಿದೆ ಎಂದು ಕೈಯಲ್ಲಿದ್ದ ಫೋನಿನಲ್ಲೇ ಹೇಳಿದ. ಹಾಗಾದರೆ ಮನೆ ಎಲ್ಲಿ ಎಂದು ರೇಣಮ್ಮ ಕೇಳಿದಳು. ಗುಡ್ಡದ ಕೆಳಗಿನ ಓಣಿ ಎಂದ. ಸುರಪುರದಲ್ಲಿ ಯಾವ ಓಣಿಯಾದರೂ ಯಾವುದಾದರೂ ಗುಡ್ಡದ ಕೆಳಗೇ ಇರುತ್ತದೆ ಎಂಬುದು ಅವನ ಲೆಕ್ಕ.

ಫೋನು ಇಟ್ಟ ಮೇಲೆ ಮನೆಯ ವಿಚಾರಣೆ ಶುರುವಾಯಿತು. ಮಂಡಿನೋವು ಕಟ್ಟಿಕೊಂಡು ಊರೂರು ಅಲೆದ ಬಾಲಪ್ಪ, ನಾನು ಬಿಸಿಲಲ್ಲಿ ತಿರುಗುತ್ತಿದ್ದಾಗ ಟೀಚರಿನ ಅಪ್ಪ ಇವನಿಗೆ ಫೋನು ಹಚ್ಚುತ್ತಿದ್ದನೇ ಎಂದು ಗೋಡೆಯನ್ನು ಕೇಳಿದ. ಪಾರ್ವತೆಮ್ಮ ಅತ್ತಳು. ಸರಕಾರಿ ಸಂಬಳದ ಸೊಸೆಯನ್ನು ತನಗೆ ತಿಳಿಸದೆ ತಿರಸ್ಕರಿಸಿದ ಮಗನಿಗೆ ಅವತ್ತಿನಿಂದ ಬಿಸಿ ರೊಟ್ಟಿ ನಿಂತು ತಂಗಳ ರೊಟ್ಟಿ ಚಾಲೂ ಆಯಿತು. ಸುಳ್ಳು ಎಂದು ಹೇಳೋಣವೆಂದು ಮೌನೇಶ ಎರಡು ಸಲ ಬಾಯಿ ತೆರೆದ. ಆದರೆ ಜೀವನದಲ್ಲಿ ಮೊದಲ ಬಾರಿಗೆ ಅಪ್ಪ ಅವನನ್ನು ಏನೋ ಒಂದು ಬೆಲೆಯುಳ್ಳ ವಸ್ತುವಿನಂತೆ ನೋಡುತ್ತಿದ್ದ. ಬಾಯಿ ಮುಚ್ಚಿಕೊಂಡ.

ಗೋಡೆಯಾಚೆಯ ಮಲ್ಲೇಶ್ವರಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಮಗ ಮರಿಲಿಂಗನಿಗೂ ಮೂವತ್ತಮೂರು. ಬೆಳಗಾಗುವುದರೊಳಗೆ ಸುದ್ದಿ ಊರು ತುಂಬಿತು: ಮೌನೇಶ ಸುರಪುರದ ಟೀಚರನ್ನು ಒಲ್ಲೆ ಎಂದಿದ್ದಾನೆ, ಟೀಚರು ಖಾಲಿ ಇದ್ದಾಳೆ. ಆ ಕಾಲದಲ್ಲಿ ಆ ಸೀಮೆಯಲ್ಲಿ ಮದುವೆಯಾಗದೆ ಮೂವತ್ತು ದಾಟಿದ ಗಂಡುಮಕ್ಕಳಿಲ್ಲದ ಮನೆಯೇ ಇರಲಿಲ್ಲ. ತಾಯಂದಿರು ಒಬ್ಬೊಬ್ಬರಾಗಿ ಮೊಸರು ಕೇಳುವ ನೆಪದಿಂದ, ಬೀಸುವ ಕಲ್ಲಿನ ನೆಪದಿಂದ ಪಾರ್ವತೆಮ್ಮನ ಅಂಗಳಕ್ಕೆ ಬಂದು, ಟೀಚರಿನ ಓಣಿ ಕೇಳಿಕೊಂಡು, ಮೊಸರು ಮರೆತು ಹೋದರು. ಕೆಲಸದ ಜಾಗದಲ್ಲಿ ಮೇಲಿನ ಸಾಹೇಬರು ಅವನನ್ನು ಕರೆಸಿದರು. ಒಂಬತ್ತು ವರ್ಷ ಅವರ ಮುಂದೆ ನಿಂತೇ ಇದ್ದವನಿಗೆ ಕುರ್ಚಿ ತೋರಿಸಿ, ಚಹಾ ತರಿಸಿ, ಕಾಲುವೆಯ ನೀರಿನ ಮಟ್ಟ ವಿಚಾರಿಸಿ, ಆಮೇಲೆ ತಮ್ಮ ಹೆಂಡತಿಯ ತಮ್ಮನ ಫೋಟೊ ತೋರಿಸಿದರು. ಹುಡುಗ ಸ್ವಲ್ಪ ದಪ್ಪ, ಆದರೆ ಗುಣ ಚಲೋ ಎಂದು ಸಾಹೇಬರು ಮೌನೇಶನ ಎದುರು ದೈನ್ಯದಿಂದ ಹೇಳಿದ್ದು ಇಲಾಖೆಯ ಯಾವ ಕಡತದಲ್ಲೂ ಇಲ್ಲ.

ಎಲ್ಲರಿಗಿಂತ ಹೆಚ್ಚು ಕೆರಳಿದವಳು ಬಳೆಗಾರ್ತಿ ಖಾಜಾಬೀ. ನಲವತ್ತು ವರ್ಷದಿಂದ ಮೂರು ತಾಲೂಕಿನ ಮನೆಮನೆಗೆ ಬಳೆ ಇಡಿಸಲು ಹೋಗುತ್ತಿದ್ದ ಅವಳಿಗೆ ಯಾವ ಮನೆಯಲ್ಲಿ ಯಾವ ಅಳತೆಯ ಕೈ ಮದುವೆಗೆ ಬಂದಿದೆ ಎಂಬುದು ನಾಲಿಗೆಯ ತುದಿಯಲ್ಲಿತ್ತು. ಎಷ್ಟೋ ಸಂಬಂಧಗಳು ಅವಳ ಬಾಯಿಂದಲೇ ಕೂಡಿದ್ದವು. ಅವಳು ಮೌನೇಶನನ್ನು ಗೇಟಿನ ಬಳಿಯೇ ಬಂದು ಹಿಡಿದಳು.

“ಬೇಟಾ, ಸುರಪುರದಾಗ ನನಗ ಗೊತ್ತಿಲ್ಲದ ಭಾರತಿ ಯಾಕಿ? ನನ್ನ ಇಜ್ಜತ್ ಪ್ರಶ್ನೆ ಐತಿ ಇದು. ನಾ ಹೋಗಿ ನೋಡ್ಕೊಂಡೇ ಬರ್ತೀನಿ.”

ಮೌನೇಶ ಬೇಡವೆಂದು ಎಷ್ಟು ಹೇಳಿದರೂ ಕೇಳದೆ ಖಾಜಾಬೀ ಬಸ್ಸು ಹತ್ತಿದಳು. ಅವನು ಎರಡು ದಿನ ಅನ್ನ ನೀರು ಸೇರದೆ ಕಾದ. ಹೋದವಳು ಬರಿಗೈಲಿ ಬಂದು ಊರ ಮುಂದೆ ತನ್ನ ಬಣ್ಣ ಬಯಲು ಮಾಡುತ್ತಾಳೆಂದು ಅವನ ಹೆದರಿಕೆ. ಮೂರನೆಯ ದಿನ ಖಾಜಾಬೀ ಬಂದಳು, ಮುಖ ಅರಳಿತ್ತು. ಭಾರತಿ ಸಿಕ್ಕಿದ್ದಳು.

ಗುಡ್ಡದ ಕೆಳಗಿನ ಓಣಿಯಲ್ಲಿ, ನಿವೃತ್ತ ಬಸ್ ಕಂಡಕ್ಟರೊಬ್ಬರ ಮಗಳು, ವಯಸ್ಸು ಇಪ್ಪತ್ತೊಂಬತ್ತು, ಸರಕಾರಿ ಸಾಲೆಯ ಟೀಚರು. ವರ್ಷದ ಹಿಂದೆ ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವಳಾದ್ದರಿಂದ ಖಾಜಾಬೀಗೆ ಗೊತ್ತಿರಲಿಲ್ಲ. ಇದನ್ನು ಕೇಳಿ ಮೌನೇಶ ಗೇಟಿನ ಕಂಬ ಹಿಡಿದುಕೊಂಡು ಕೂತ. ಮನುಷ್ಯ ಸುಳ್ಳು ಹೇಳಿದರೆ ಅದು ಸುಳ್ಳಾಗಿ ಉಳಿಯುತ್ತದೆ ಎಂಬ ನಂಬಿಕೆಯ ಮೇಲೇ ಹೇಳಿರುತ್ತಾನೆ. ಆ ಆಧಾರವೂ ಅವನಿಗೆ ತಪ್ಪಿತು.

ಒಂದೇ ವಾರದಲ್ಲಿ ಒಂಬತ್ತು ಮನೆಯವರು ಸುರಪುರಕ್ಕೆ ಹೋದರು. ಸಾಹೇಬರು ಕಾರಿನಲ್ಲಿ ಹೋದರು, ಮಲ್ಲೇಶ್ವರಿ ಮಗನಿಗೆ ಹೊಸ ಅಂಗಿ ತೊಡಿಸಿ ಬಸ್ಸಿನಲ್ಲಿ ಕರೆದೊಯ್ದಳು. ರೇಣಮ್ಮ ದೇವುವನ್ನು ಕರೆದುಕೊಂಡು ಎಲ್ಲರಿಗಿಂತ ಕೊನೆಗೆ ಹೋದಳು. ಕುರಿ ಉಣ್ಣೆ ಕತ್ತರಿಸುವುದು ಮುಗಿಯದೆ ದೇವು ಎದ್ದಿರಲಿಲ್ಲ. ಬಂದವರೆಲ್ಲ ಹೇಳಿದ್ದು ಒಂದೇ ಮಾತು: ನಾರಾಯಣಪುರದ ಮೌನೇಶ ಒಲ್ಲೆ ಎಂದನಂತೆ, ಆದರೂ ನಾವು ದೊಡ್ಡ ಮನಸ್ಸು ಮಾಡಿ ಬಂದಿದ್ದೇವೆ.

ಮುಂದಿನ ಭಾನುವಾರ ಮಧ್ಯಾಹ್ನ ಮೌನೇಶನ ಮನೆಯ ಮುಂದೆ ಒಂದು ಟಂಟಂ ಬಂದು ನಿಂತಿತು. ಅದರಿಂದ ಕಂಡಕ್ಟರ್ ಕಾಕಾ ಇಳಿದರು, ಅವರ ಮಗಳು ಭಾರತಿ ಇಳಿದಳು, ಹಿಂದೆ, ಅವರನ್ನು ಕರೆದುಕೊಂಡು ಬಂದಿದ್ದ ರೇಣಮ್ಮ, ದೇವು, ರಾಧಿಕಾ. ಗೇಟಿನ ಬಳಿಯಿದ್ದ ಮೌನೇಶನಿಗೆ ಪಾರ್ವತೆಮ್ಮನ ಫೋನು ಬಂತು, ಟೀಚರೇ ಬಂದಾಳ, ಬಾ ಎಂದು. ನೀರಿನ ಮಟ್ಟ ಸಂಜೆಯವರೆಗೂ ನೋಡುತ್ತ ಕೂರಬೇಕಾಗಿದೆ ಎಂದ. ಆದರೆ ಸಾಹೇಬರು ಸುದ್ದಿ ಕೇಳಿ ಅಲ್ಲಿಗೇ ಬಂದು, ನೀರನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಹೋಗಿ ನಮ್ಮ ಹುಡುಗನ ಮಾತು ಹಾಕು ಎಂದು ಅವನನ್ನು ಸೈಕಲ್ ಮೋಟಾರಿನ ಮೇಲೆ ಕೂರಿಸಿ ಕಳಿಸಿದರು.

ಅಂಗಳದಲ್ಲಿ ಎಲ್ಲರೂ ಚಾಪೆಯ ಮೇಲೆ ಕೂತಿದ್ದರು. ಗೋಡೆಯ ಮೇಲೆ ಮಲ್ಲೇಶ್ವರಿಯ ತಲೆಯೂ, ಅದರ ಪಕ್ಕದಲ್ಲಿ ಇನ್ನೂ ಆರು ತಲೆಗಳೂ ಇದ್ದವು. ಭಾರತಿ ಸಣ್ಣ ಮೈಕಟ್ಟಿನ, ಕನ್ನಡಕದ ಹುಡುಗಿ. ಐವತ್ತು ಮಕ್ಕಳ ಗದ್ದಲವನ್ನು ದನಿ ಏರಿಸದೆ ನಿಲ್ಲಿಸುವವರ ಕಣ್ಣು ಅವಳದು.

“ನನ್ನ ಒಲ್ಲೆ ಅಂದವರು ನೀವೇ ಏನ್ರಿ?” ಎಂದು ಕೇಳಿದಳು. “ಒಂಬತ್ತು ಮಂದಿ ಮುಂದ ನನ್ನ ಮಾನ ಹೋಗೇತಿ. ನನ್ನೊಳಗ ಏನು ಐಬು ಕಂಡ್ರಿ, ಹೇಳ್ರಿ.”

ಮೌನೇಶ ಅಪ್ಪನನ್ನು ನೋಡಿದ, ಅಮ್ಮನನ್ನು ನೋಡಿದ, ರಾಧಿಕಾಳನ್ನು ನೋಡಲಾಗದೆ ಹಟ್ಟಿಯ ಕುರಿಗಳನ್ನು ನೋಡಿದ. ಹುಡುಗಿಯಲ್ಲಿ ಐಬು ಇದೆ ಎಂದು ಇನ್ನೊಂದು ಸುಳ್ಳು ಹೇಳಿ ಪಾರಾಗಬಹುದಿತ್ತು. ಆದರೆ ಅಲ್ಲಿಯವರೆಗೆ ಮುಖ ಕಂಡೂ ಇರದ ಒಬ್ಬ ಹೆಣ್ಣುಮಗಳ ಮೇಲೆ ಅಂಥದ್ದೊಂದನ್ನು ಹೊರಿಸಲು ಅವನ ನಾಲಿಗೆ ಏಳಲಿಲ್ಲ.

“ಟೀಚರ್, ನಿಮ್ಮನ್ನ ನಾ ನೋಡಾಕತ್ತಿದ್ದು ಇವತ್ತೇ,” ಎಂದ. “ನಾ ಯಾರನ್ನೂ ಒಲ್ಲೆ ಅಂದಿಲ್ರಿ. ಅನ್ನೋ ಪ್ರಸಂಗಾನೇ ಬಂದಿಲ್ಲ. ಹನ್ನೊಂದು ಮನಿಯವರು ನನ್ನನ್ನೇ ಒಲ್ಲೆ ಅಂದಾರ. ಹನ್ನೆರಡನೇದಾಕಿನೂ ಅನ್ನೋಕಿಂತ ಮೊದ್ಲ, ಒಮ್ಮಿಯರ ನಾನೂ ಯಾರನ್ನರ ಒಲ್ಲೆ ಅಂದು ನೋಡೋಣು ಅನಿಸ್ತು. ತಪ್ಪಾತ್ರಿ.”

ಬಾಲಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮಗನ ಬೆಲೆ ಎರಡು ವಾರ ಏರಿ ಈಗ ಒಂದೇ ಕ್ಷಣದಲ್ಲಿ ಇಳಿದದ್ದನ್ನು ಅರಗಿಸಿಕೊಳ್ಳಲು ಅವನಿಗೆ ಹೊತ್ತು ಬೇಕಾಗಿತ್ತು. ಗೋಡೆಯ ಮೇಲಿನಿಂದ ಮಲ್ಲೇಶ್ವರಿ ಮಾತ್ರ, ಹಾಗಾದರೆ ಟೀಚರದು ಇನ್ನೂ ಎಲ್ಲೂ ಕೂಡಿಲ್ಲವೇ, ನಮ್ಮ ಮರಿಲಿಂಗನ ಇನ್ನೊಂದು ಚಲೋ ಫೋಟೊ ಇದೆ ಎಂದು ಫೋನನ್ನು ಒಳಗೆ ಚಾಚಿದಳು.

ಭಾರತಿ ನಗಲು ಶುರು ಮಾಡಿದಳು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಆಮೇಲೆ ಅವಳು ಹೇಳಿದ್ದನ್ನು ಕೇಳಿ ಗೋಡೆಯ ಮೇಲಿನವರಿಗೆ ನಗು ಬರಲಿಲ್ಲ. ಬಂದ ಒಂಬತ್ತು ಮನೆಗಳಲ್ಲಿ ಎಂಟು ಮನೆಯವರು ಅವಳ ಹೆಸರು ಕೇಳುವ ಮೊದಲು ಸಂಬಳ ಕೇಳಿದ್ದರಂತೆ. ಇವರ ಮನೆಯವರಷ್ಟೇ ಕೇಳಲಿಲ್ಲ ಎಂದು ದೇವುವಿನ ಕಡೆ ಕೈ ಮಾಡಿದಳು. ದೇವು ಹೋದವನು ಅಂಗಳದಲ್ಲಿ ಕಟ್ಟಿದ್ದ ಆಡು ಕುಂಟುವುದನ್ನು ಕಂಡು, ಯಾರನ್ನೂ ಕೇಳದೆ ಅದರ ಕಾಲು ಹಿಡಿದು ಮುಳ್ಳು ತೆಗೆದು, ಕೈ ತೊಳೆಯಲು ನೀರು ಕೇಳಿದ್ದನಂತೆ. ಮೌನೇಶ ಎನ್ನುವವರು ನನಗೆ ಗೊತ್ತೇ ಇಲ್ಲ ಎಂದು ಭಾರತಿ ಹೇಳಿದಾಗ, ಹಂಗಾದರೆ ನಮ್ಮದೇ ತಪ್ಪಾಯಿತು, ಮಾಡಿದ ಚಹಾ ಕುಡಿದು ಹೋಗುತ್ತೇವೆ ಎಂದಿದ್ದನಂತೆ. ಮಗ ಇಷ್ಟು ಮಾತಾಡಿದ್ದನ್ನು ರೇಣಮ್ಮ ಆವರೆಗೆ ಕೇಳಿರಲಿಲ್ಲ. ದೇವುವಿನ ಜೊತೆ ಒಂದು ಸಲ ಹೊರಗೆ ಕೂತು ಮಾತಾಡಲು ತನ್ನದೇನೂ ಅಡ್ಡಿಯಿಲ್ಲ ಎಂದು ಭಾರತಿ ಅಪ್ಪನ ಮುಂದೆಯೇ ಹೇಳಿದಳು. ದೇವು ತಲೆ ತಗ್ಗಿಸಿ ಚಾಪೆಯ ಎಳೆ ಕೀಳತೊಡಗಿದ. ಮಲ್ಲೇಶ್ವರಿಯ ಫೋನು ಗೋಡೆಯಾಚೆ ಹಿಂದೆ ಸರಿಯಿತು.

ಎಲ್ಲರೂ ಚಹಾ ಕುಡಿಯುವ ಗದ್ದಲದಲ್ಲಿ ರಾಧಿಕಾ ಹಟ್ಟಿಯ ಬಾಗಿಲಲ್ಲಿ ನಿಂತಿದ್ದ ಮೌನೇಶನ ಹತ್ತಿರ ಬಂದಳು. ಅವತ್ತೇ ಗೊತ್ತಾಗಿತ್ತು ಎಂದಳು. ಜ್ಯೂಸ್ ಅಂಗಡಿಯ ಎದುರಿಗೆ ಭಾರತಿ ಟೇಲರ್ಸ್ ಎಂಬ ಬೋರ್ಡು ಇತ್ತು. ಅವನು ಅದನ್ನು ಓದಿಯೇ ಹೆಸರು ಹೇಳಿದ್ದು ಅವಳಿಗೆ ಕಂಡಿತ್ತು, ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು. ಮನೆಗೆ ಹೋಗಿ ನಗುತ್ತ ಅಮ್ಮನಿಗೆ ಹೇಳಿದರೆ ಅಮ್ಮ ಅದು ಸುಳ್ಳೆಂದರೂ ಕೇಳದೆ, ನಗುವನ್ನು ಬಿಟ್ಟು ಟೀಚರನ್ನು ಹಿಡಿದುಕೊಂಡಿದ್ದಳು.

ನೀವು ಬಿಲ್ಲು ಕೊಟ್ಟಾಗಲೇ ನನಗೆ ಮುಗಿಯಿತು ಅನ್ನಿಸಿತ್ತು ಎಂದ ಮೌನೇಶ.

“ಮುಂಜಾನಿಂದ ಉಪವಾಸ ಇದ್ದೆ. ನೀವು ಒಂದು ನಿಂಬಿ ಶರಬತ್ ಕುಡಿದ್ರಿ, ನಾ ನಾಲ್ಕು ಐಟಂ ತಿಂದೆ. ನಾಚಿಕಿ ಆಗಿ ಕೊಟ್ಟೆ,” ಎಂದಳು ರಾಧಿಕಾ. “ಮುಂದಿನ ಐತವಾರ ಮತ್ತ ಬರ್ರಿ. ಈ ಸಲ ನೀವೊಬ್ಬರೇ ಬರ್ರಿ, ನಿಮಗ ಕಲಿಸಿದವರನ್ನ ತಲಿಯೊಳಗ ಕೂಡಿಸ್ಕೊಂಡು ಬರಬ್ಯಾಡ್ರಿ.”

ಮೌನೇಶ ಹೋದ. ಈ ಸಲ ಬಸ್ಸಿನಲ್ಲಿ ಏನನ್ನೂ ಬಾಯಿಪಾಠ ಮಾಡಲಿಲ್ಲ. ಅವಳು ಮತ್ತೆ ಗೇಟಿನ ಕೆಲಸ ಕೇಳಿದಳು. ರಾತ್ರಿ ಕಣ್ಣು ಮುಚ್ಚಿ ಕೂತರೂ ಸಪ್ಪಳದ ಮೇಲೆಯೇ ನೀರು ಎಷ್ಟು ಏರಿದೆ ಎಂದು ತನಗೆ ತಿಳಿಯುತ್ತದೆ ಎಂದ ಮೌನೇಶ. ಬೇಸಿಗೆಯಲ್ಲಿ ನೀರು ಬಿಟ್ಟ ದಿನ ಒಣ ಕಾಲುವೆಯೊಳಗೆ ಮೊದಲ ನೀರು ಎಲೆ ಕಸ ತಳ್ಳಿಕೊಂಡು ಬರುವುದನ್ನು, ಅದರ ಮುಂದೆ ನಾಯಿಗಳು ಓಡುವುದನ್ನು ಹೇಳಿದ. ಹನ್ನೊಂದು ಮನೆಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಅವಳು ಲ್ಯಾಬಿನ ವಾಸನೆ ಕೂದಲಿನಿಂದ ಹೋಗುವುದೇ ಇಲ್ಲ ಎಂದಳು. ಮೌನೇಶ, ನಮ್ಮ ಮನೆಯಲ್ಲಿ ನಲವತ್ತು ಕುರಿ ಇವೆ, ಆ ವಾಸನೆಯ ಮುಂದೆ ಅದೇನೂ ಗೊತ್ತಾಗುವುದಿಲ್ಲ ಎಂದ. ಮೂರು ಬಸ್ಸು ಬಿಟ್ಟು ನಾಲ್ಕನೆಯದಕ್ಕೆ ಎದ್ದರು. ಅಷ್ಟರಲ್ಲಿ ಮಾತು ಗಟ್ಟಿಯಾಗಿತ್ತು. ಅವಳು ಕೆಲಸ ಬಿಡುವುದಿಲ್ಲ, ಯಾದಗಿರಿಯಲ್ಲೇ ಒಂದು ಮನೆ ಹಿಡಿಯುವುದು, ಪಾಳಿ ಮುಗಿಸಿ ಶನಿವಾರ ಇವನು ಅಲ್ಲಿಗೆ ಹೋಗುವುದು, ಸೋಮವಾರ ಮೊದಲ ಬಸ್ಸಿಗೆ ಗೇಟಿಗೆ ಮರಳುವುದು.

ಮನೆಗೆ ಬಂದು ಇದನ್ನೆಲ್ಲ ಹೆದರುತ್ತ ಹೇಳಿದ. ರೊಟ್ಟಿ ಬಡಿಯುವ ಸೊಸೆಗಾಗಿ ಹತ್ತು ವರ್ಷ ಕಾದಿದ್ದ ಪಾರ್ವತೆಮ್ಮ ತಟ್ಟುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೆ ನಿಲ್ಲಿಸಿ ಕೇಳಿದಳು. ಬಾಲಪ್ಪ ಬಹಳ ಹೊತ್ತು ಲೆಕ್ಕ ಹಾಕಿದ.

“ಅಂದ್ರ ನಾವು ಸೊಸಿ ತರಾಕತ್ತಿಲ್ಲ,” ಎಂದ ಕಡೆಗೆ, “ಮಗನ್ನ ಕೊಡಾಕತ್ತೀವಿ.”

ಪಾರ್ವತೆಮ್ಮ ಮಗನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಬಟ್ಟೆಯಿಂದ ಒತ್ತಿ, ಉಬ್ಬಿದ ಬಿಸಿ ರೊಟ್ಟಿಯನ್ನು ಅವನ ತಾಟಿಗೆ ಎಸೆದಳು.

“ಕೊಟ್ಟುಬಿಡ್ರಿ,” ಎಂದಳು. “ತಗೊಳ್ಳೋರು ಸಿಕ್ಕಾರ. ಜಲ್ದಿ ತಾರೀಖು ತಗಸ್ರಿ, ಆ ಹುಡುಗಿ ಇನ್ನೊಮ್ಮೆ ವಿಚಾರ ಮಾಡೋಕಿಂತ ಮೊದ್ಲ.”